ಹಳೇ ಲೈನಿಗೆ ಹೊಸ ಗೋಪುರ, ರೈತನಿಗೆ ಮಾತ್ರ ಹಳೇ ನ್ಯಾಯ



ಬೆಂಗಳೂರಿನ ಪಶ್ಚಿಮ ಭಾಗದಲ್ಲಿ, ಅಂದರೆ ರಾಜಾಜಿನಗರ, ಬಸವೇಶ್ವರನಗರ, ವಿಜಯನಗರ, ಕೆಂಗೇರಿ ಕಡೆಯಲ್ಲಿ, ಬೀದಿಗಳ ಮೇಲೆ ಜೋತಾಡುತ್ತಿದ್ದ 11 ಕೆ.ವಿ. ತಂತಿಗಳು ಒಂದೊಂದಾಗಿ ನೆಲದೊಳಗೆ ಇಳಿದಿವೆ. ರಸ್ತೆ ಅಗೆದು ಕೇಬಲ್ ಹೂಳುವ ಈ ಕೆಲಸವನ್ನು ಬೆಸ್ಕಾಂ ಕೆಲವು ವರ್ಷಗಳಿಂದ ನಗರದ ಉದ್ದಗಲಕ್ಕೂ ನಡೆಸಿದೆ. ಇದಕ್ಕೆ ಬೇಕಾದ ಹಣದ ಒಂದು ಭಾಗಕ್ಕಾಗಿ 2020ರ ಡಿಸೆಂಬರ್ ಕೊನೆಯಲ್ಲಿ ಕೇಂದ್ರ ಸರ್ಕಾರ ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ಜೊತೆ 10 ಕೋಟಿ ಡಾಲರ್ ಸಾಲದ ಒಪ್ಪಂದಕ್ಕೆ ಸಹಿ ಹಾಕಿತು. ಅದರ ಮೇಲೆ ಬೆಸ್ಕಾಂಗೆ ನೇರವಾಗಿ ಇನ್ನೂ 9 ಕೋಟಿ ಡಾಲರ್, ಅದೂ ಸರ್ಕಾರದ ಜಾಮೀನಿಲ್ಲದೆ. ನಮ್ಮ ರೈತ ಸೊಸೈಟಿಯಲ್ಲಿ ಐವತ್ತು ಸಾವಿರ ಕೇಳಿದರೆ ಪಹಣಿ ತಾ, ಜಾಮೀನು ತಾ, ಬೇಬಾಕಿ ಪತ್ರ ತಾ ಅಂತಾರೆ. ಇರಲಿ. 7,200 ಕಿಲೋಮೀಟರ್ ಕೇಬಲನ್ನು ನೆಲದಡಿ ಹಾಕುವುದು ಆ ಯೋಜನೆಯ ಗುರಿ ಎಂದು ಅಂದೇ ಪ್ರಕಟಿಸಿದರು.

ಪೇಟೆಯವರ ತಂತಿ ನೆಲದಡಿ ಹೋದದ್ದಕ್ಕೆ ನಮಗೆ ಹೊಟ್ಟೆಉರಿಯಿಲ್ಲ. ಹಳೇ ತಂತಿ, ಹಳೇ ಟಿ.ಸಿ. ಜನರನ್ನು ಕೊಲ್ಲುತ್ತವೆ. 2022ರ ಮಾರ್ಚಿಯಲ್ಲಿ ಇದೇ ಪಶ್ಚಿಮ ಬೆಂಗಳೂರಿನ ಉಲ್ಲಾಳು ಕಡೆಯ ಮಂಗನಹಳ್ಳಿ ಬಳಿ ರಸ್ತೆಬದಿಯ ಟ್ರಾನ್ಸ್‌ಫಾರ್ಮರ್ ಸಿಡಿದು, ಸ್ಕೂಟರಿನಲ್ಲಿ ಹೋಗುತ್ತಿದ್ದ ತಂದೆ ಮಗಳ ಮೇಲೆ ಕುದಿಯುವ ಎಣ್ಣೆ ಬಿದ್ದು ಇಬ್ಬರೂ ಸತ್ತರು. 2023ರ ನವೆಂಬರಿನಲ್ಲಿ ನಗರದ ಇನ್ನೊಂದು ತುದಿಯ ಕಾಡುಗೋಡಿಯಲ್ಲಿ ಹರಿದುಬಿದ್ದ ತಂತಿ ತುಳಿದು ತಾಯಿ ಮತ್ತು ಒಂಬತ್ತು ತಿಂಗಳ ಕೂಸು ಸುಟ್ಟುಹೋದವು. ಹಳ್ಳಿಯಲ್ಲಿ ಇಂಥ ಸಾವು ಪತ್ರಿಕೆಯ ಒಳಪುಟದಲ್ಲಿ ನಾಲ್ಕು ಸಾಲು. ಗದ್ದೆ ಬದುವಿನಲ್ಲಿ ತಂತಿ ತುಳಿದು ಎತ್ತು ಸತ್ತದ್ದು, ಕಿಡಿ ಬಿದ್ದು ಕಬ್ಬಿನ ಗದ್ದೆ ಹೊತ್ತಿ ಉರಿದದ್ದು ಆ ನಾಲ್ಕು ಸಾಲಿಗೂ ಬರುವುದಿಲ್ಲ. ಆದ್ದರಿಂದ ಹಳೇ ಲೈನು ಬದಲಾಗಲಿ, ಹಳೇ ಸ್ಟೇಷನ್ ಹೊಸದಾಗಲಿ. ಅದು ಪೇಟೆಗಿಂತ ಮೊದಲು ನಮಗೆ ಬೇಕಾದ ಕೆಲಸ.

ನಮ್ಮ ತಕರಾರು ಬೇರೆ. ಹಳೇ ಲೈನನ್ನು ಕಿತ್ತು ಹೊಸದನ್ನು ಕಟ್ಟುವಾಗ ನೆಲ, ನೀರು, ಮರ, ಬೆಳೆಗೆ ಏನಾಗುತ್ತದೆ ಎಂದು ಕೇಳುವ ಪದ್ಧತಿ ಯಾರಿಗೆ ಇದೆ, ಯಾರಿಗೆ ಇಲ್ಲ ಎಂಬುದು.

ಬ್ಯಾಂಕು ಕೇಳಿದ್ದನ್ನು ಕಾನೂನು ಕೇಳಲಿಲ್ಲ

ಏಷ್ಯನ್ ಅಭಿವೃದ್ಧಿ ಬ್ಯಾಂಕಿಗೆ 2009ರಲ್ಲಿ ಮಾಡಿಕೊಂಡ ಒಂದು ನಿಯಮಾವಳಿ ಇತ್ತು. ತನ್ನ ಸಾಲದ ಹಣದಲ್ಲಿ ಕಾಮಗಾರಿ ನಡೆಯಬೇಕಾದರೆ ಮೊದಲು ಪರಿಸರ ಪರಿಶೀಲನೆ ಆಗಬೇಕು, ತೊಂದರೆಗೆ ಒಳಗಾಗುವ ಜನರನ್ನು ಕೇಳಬೇಕು, ವರದಿ ಬಹಿರಂಗವಾಗಬೇಕು. ಆದ್ದರಿಂದ ಬ್ಯಾಂಕಿನ ಹಣ ಹೂಡಿದ ಬೆಂಗಳೂರಿನ ಕೇಬಲ್ ಕೆಲಸವೂ ಈ ನಿಯಮದ ಕೆಳಗೆ ಬಂತು. ಅಗೆದ ಮಣ್ಣು ಎಲ್ಲಿ ಹಾಕುವುದು, ಮರದ ಬೇರಿಗೆ ಪೆಟ್ಟಾಗುತ್ತದೆಯೇ, ಕಿತ್ತ ಟ್ರಾನ್ಸ್‌ಫಾರ್ಮರಿನ ಎಣ್ಣೆ ಎಲ್ಲಿಗೆ ಹೋಗುತ್ತದೆ, ಅಂಗಡಿ ಮುಂದೆ ಗುಂಡಿ ತೋಡಿದರೆ ಬೀದಿ ವ್ಯಾಪಾರಿಯ ಗತಿ ಏನು, ಇಂಥ ಪ್ರಶ್ನೆಗಳನ್ನು ಕೇಳುವುದು ಅಂಥ ಪರಿಶೀಲನೆಯ ಕೆಲಸ.

ಒಳ್ಳೆಯದು. ಆದರೆ ಹೊರಗಿನ ಸಾಲ ಕೊಡುವವನು ಕೇಳಿದ್ದನ್ನು ನಮ್ಮ ದೇಶದ ಕಾನೂನು ಏಕೆ ಕೇಳುವುದಿಲ್ಲ?

ಪರಿಸರ ಸಂರಕ್ಷಣಾ ಕಾಯಿದೆ ಬಂದದ್ದು 1986ರಲ್ಲಿ. ಅದರ ಕೆಳಗೆ 1994ರಲ್ಲಿ ಒಂದು, 2006ರ ಸೆಪ್ಟೆಂಬರಿನಲ್ಲಿ ಇನ್ನೊಂದು ಅಧಿಸೂಚನೆ ಹೊರಟವು. ಯಾವ ಯಾವ ಯೋಜನೆಗೆ ಪರಿಸರ ಅನುಮತಿ ಬೇಕು, ಯಾವುದಕ್ಕೆ ಸಾರ್ವಜನಿಕ ಅಹವಾಲು ಸಭೆ ಬೇಕು ಎಂಬ ಪಟ್ಟಿ ಅದರಲ್ಲಿದೆ. ಕಲ್ಲಿದ್ದಲು ಸ್ಥಾವರ ಇದೆ, ಜಲವಿದ್ಯುತ್ ಇದೆ, ಅಣುಸ್ಥಾವರ ಇದೆ. ಕರೆಂಟನ್ನು ನೂರಾರು ಮೈಲಿ ಹೊತ್ತು ತರುವ ಲೈನು ಆ ಪಟ್ಟಿಯಲ್ಲಿ ಇಲ್ಲ. ಕಾಡಿನೊಳಗೆ ಹಾದುಹೋದರೆ 1980ರ ಅರಣ್ಯ ಕಾಯಿದೆ ಅಡ್ಡ ಬರುತ್ತದೆ. ನಗರದೊಳಗೆ ಮರ ಕಡಿಯಬೇಕಾದರೆ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆ ಇದೆ. ಕಾಡಿಗೆ ಒಂದು ಕಾನೂನು, ಪೇಟೆ ಮರಕ್ಕೆ ಒಂದು ಕಾನೂನು. ನಡುವೆ ಇರುವ ರಾಗಿ ಹೊಲ, ತೆಂಗಿನ ತೋಟ, ಹಿಪ್ಪುನೇರಳೆ ತಾಕು, ಇವು ಪರಿಸರ ಅಲ್ಲವೇನು?

ಕರೆಂಟು ಉತ್ಪಾದಿಸುವ ಕಡೆ ಏನಾಗುತ್ತದೆ ನೋಡಿ. ಬೆಂಗಳೂರಿನ ಉತ್ತರಕ್ಕೆ ಯಲಹಂಕದಲ್ಲಿ ಕರ್ನಾಟಕ ವಿದ್ಯುತ್ ನಿಗಮದ ಹಳೇ ಡೀಸೆಲ್ ಸ್ಥಾವರ ಇತ್ತು. ಅದೇ ಆವರಣದಲ್ಲಿ 370 ಮೆಗಾವಾಟಿನ ಗ್ಯಾಸ್ ಸ್ಥಾವರ ಕಟ್ಟಿ 2024ರಲ್ಲಿ ಉದ್ಘಾಟನೆ ಮಾಡಿದರು. ಜಾಗ ಹಳೆಯದು, ಮಾಲೀಕ ಹಳಬ, ಆದರೂ ಹೊಸದಾಗಿ ಪರಿಸರ ಅನುಮತಿ ಪಡೆಯಬೇಕಾಯಿತು. ಶರಾವತಿ ಕಣಿವೆಯಲ್ಲಿ 2,000 ಮೆಗಾವಾಟಿನ ಪಂಪ್ಡ್ ಸ್ಟೋರೇಜ್ ಕಟ್ಟಲು ಹೊರಟಾಗ 2025ರ ಸೆಪ್ಟೆಂಬರಿನಲ್ಲಿ ಸಾಗರ, ಹೊನ್ನಾವರ ತಾಲ್ಲೂಕುಗಳಲ್ಲಿ ಅಹವಾಲು ಸಭೆ ನಡೆಸಲೇಬೇಕಾಯಿತು. ಜನ ಕಿಕ್ಕಿರಿದು ಬಂದು ಎದ್ದು ನಿಂತು ತಮ್ಮ ಮಾತು ಹೇಳಿದರು. ಅದು ಕಾನೂನು ಕೊಟ್ಟ ಹಕ್ಕು. ನಾಳೆ ಅಲ್ಲಿಯ ಕರೆಂಟನ್ನು ಬೆಂಗಳೂರಿಗೆ ತರುವ ಲೈನಿನ ಕೆಳಗೆ ಸಿಕ್ಕುವ ರೈತನಿಗೆ ಆ ಹಕ್ಕು ಇಲ್ಲ. ಹಳೇ ಸ್ಥಾವರ ಹೊಸದಾದರೆ ಪರಿಶೀಲನೆ ಉಂಟು, ಹಳೇ ಲೈನು ಹೊಸದಾದರೆ ಇಲ್ಲ. ಇದು ಯಾವ ಸೀಮೆಯ ತರ್ಕ?

ಸತ್ತ ಕಾನೂನಿನ ಜೀವಂತ ಕೈ

ನೂರಿಪ್ಪತ್ತು ವರ್ಷಕ್ಕೂ ಹಿಂದೆ, 1902ರಲ್ಲಿ, ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟು ಹೋಯಿತು. ಸುಮಾರು 92 ಮೈಲಿ ಲೈನು. ಗಣಿ ಇಂಗ್ಲಿಷ್ ಕಂಪೆನಿಯದು. 1905ರಲ್ಲಿ ಬೆಂಗಳೂರಿನ ಬೀದಿದೀಪ ಹತ್ತಿತು. ಆ ಲೈನು ಹಾದುಬಂದ ಹಳ್ಳಿಗಳಿಗೆ ದೀಪ ಬರಲು ಮತ್ತೆ ಎಷ್ಟೋ ದಶಕ ಬೇಕಾಯಿತು. ನೆತ್ತಿ ಮೇಲೆ ಕರೆಂಟು ಹರಿಯುತ್ತಿತ್ತು, ಮನೆಯಲ್ಲಿ ಬುಡ್ಡಿ ಉರಿಯುತ್ತಿತ್ತು. ಉತ್ತವನೊಬ್ಬ, ಉಂಡವನೊಬ್ಬ ಎಂಬ ಗಾದೆಗೆ ಇದಕ್ಕಿಂತ ಸಾಕ್ಷಿ ಬೇಕೆ?

ಹೊಲದಲ್ಲಿ ಕಂಬ, ಗೋಪುರ ನೆಡುವ ಅಧಿಕಾರ ಎಲ್ಲಿಂದ ಬಂತು? 1885ರ ಭಾರತೀಯ ಟೆಲಿಗ್ರಾಫ್ ಕಾಯಿದೆಯಿಂದ. ಬ್ರಿಟಿಷರು ತಂತಿ ವರ್ತಮಾನ ಕಳಿಸಲು ಮಾಡಿಕೊಂಡ ಕಾನೂನು. ಅದರ 10ನೇ ಕಲಮಿನಂತೆ ಯಾರ ಜಮೀನಿನಲ್ಲಾದರೂ ಕಂಬ ನೆಡಬಹುದು, ತಂತಿ ಎಳೆಯಬಹುದು, ಒಪ್ಪಿಗೆ ಬೇಕಿಲ್ಲ. 2003ರ ವಿದ್ಯುತ್ ಕಾಯಿದೆಯ 164ನೇ ಕಲಮು ಈ ಅಧಿಕಾರವನ್ನು ವಿದ್ಯುತ್ ಲೈನು ಹಾಕುವವರಿಗೆ ದಾಟಿಸುವ ದಾರಿ ಮಾಡಿತು. ರೈತ ಅಡ್ಡ ನಿಂತರೆ 16ನೇ ಕಲಮಿನಡಿ ಜಿಲ್ಲಾಧಿಕಾರಿಯ ಆದೇಶ, ಹಿಂದೆಯೇ ಪೊಲೀಸು.

2013ರ ಜುಲೈನಲ್ಲಿ ಈ ದೇಶದಲ್ಲಿ ಟೆಲಿಗ್ರಾಂ ಸೇವೆ ನಿಂತಿತು. 2023ರಲ್ಲಿ ಹೊಸ ದೂರಸಂಪರ್ಕ ಕಾಯಿದೆ ತಂದು ಟೆಲಿಗ್ರಾಫ್ ಕಾಯಿದೆಯನ್ನೇ ತೆಗೆದುಹಾಕಿದರು. ಆದರೆ ಅದರ ಮೂರನೇ ಭಾಗವನ್ನು, ಅಂದರೆ ಪರರ ಜಮೀನಿಗೆ ನುಗ್ಗುವ ಭಾಗವನ್ನು, ವಿದ್ಯುತ್ ಲೈನುಗಳ ಮಟ್ಟಿಗೆ ಜೋಪಾನವಾಗಿ ಉಳಿಸಿಕೊಂಡರು. ತಂತಿ ವರ್ತಮಾನ ಸತ್ತಿತು, ಅದರ ಕಾನೂನು ಸತ್ತಿತು, ರೈತನ ಹೊಲಕ್ಕೆ ಚಾಚಿದ್ದ ಕೈ ಮಾತ್ರ ಸಾಯಲಿಲ್ಲ.

ಈ ಕಾನೂನಿನಲ್ಲೇ ನಮಗೆ ಉಪಯೋಗಕ್ಕೆ ಬರುವ ಎರಡು ಮಾತುಗಳಿವೆ. ಅವನ್ನು ಪ್ರತಿ ರೈತ ನೆನಪಿಡಬೇಕು. ಒಂದು, ಲೈನು ಹಾಕಿದವರಿಗೆ ಸಿಗುವುದು ಬಳಸುವ ಹಕ್ಕು ಮಾತ್ರ, ಜಮೀನಿನ ಒಡೆತನ ರೈತನದೇ. ಎರಡು, ಆದಷ್ಟು ಕಡಿಮೆ ಹಾನಿ ಮಾಡಬೇಕು, ಆದ ಹಾನಿಗೆ ಪೂರ್ತಿ ಪರಿಹಾರ ಕೊಡಬೇಕು. ಪರಿಹಾರ ಸಾಲದು ಎಂದು ಕಂಡರೆ 16ನೇ ಕಲಮಿನ 3ನೇ ಉಪಕಲಮಿನಂತೆ ಜಿಲ್ಲಾ ನ್ಯಾಯಾಧೀಶರ ಮುಂದೆ ಅರ್ಜಿ ಹಾಕಬಹುದು.

ಹೀಗಿರುವಾಗ ಹಳೇ ಲೈನು ಬದಲಿಸುವ ಕಡೆ ರೈತ ಕೇಳಿದರೆ ಸಿಗುವ ಉತ್ತರ ಏನು? "ಇದು ಹಳೇ ಲೈನು ಕಣ್ರೀ, ನಿಮ್ಮ ತಾತನ ಕಾಲದಿಂದ ಇದೆ, ಈಗೇನು ಹೊಸ ತಕರಾರು?" ತಾತನ ಕಾಲದಲ್ಲಿ ಒಪ್ಪಿದ್ದು ಯಾವುದಕ್ಕೆ? ಒಪ್ಪಿದರೋ, ಅಥವಾ ಅಮಲ್ದಾರರ ಮುಂದೆ ಮಾತಾಡಲು ಹೆದರಿ ಸುಮ್ಮನಾದರೋ? ಹೋಗಲಿ, ಸುಮ್ಮನಾದದ್ದೇ ಒಪ್ಪಿಗೆ ಎನ್ನೋಣ. ಅದು ಅಂದಿನ ಸಣ್ಣ ಗೋಪುರಕ್ಕೆ, ಅಂದಿನ ತಂತಿಗೆ. ಇಂದು ಅದೇ ಜಾಗದಲ್ಲಿ ಎರಡರಷ್ಟು ಎತ್ತರದ ಗೋಪುರ, ಹೆಚ್ಚಿನ ವೋಲ್ಟೇಜು ತಂದರೆ ಅದು ಹೊಸ ಬಳಕೆ, ಹೊಸ ಹಾನಿ. ಕತ್ತೆ ಕಟ್ಟುತ್ತೇನೆಂದು ಗೂಟ ಹೊಡೆದವನು ಆನೆ ತಂದು ಕಟ್ಟಿದರೆ ಗೂಟ ಹಳೇದೇ ತಾನೆ ಅನ್ನಲಾದೀತೆ?

ಗುಂಟೆ ಲೆಕ್ಕ

ಲೆಕ್ಕ ಹಾಕಿಯೇ ನೋಡೋಣ. ಲೈನಿನ ಕೆಳಗೆ ಖಾಲಿ ಬಿಡಬೇಕಾದ ಪಟ್ಟೆಯ ಅಗಲ 66 ಕೆ.ವಿ.ಗೆ 18 ಮೀಟರ್, 110 ಕೆ.ವಿ.ಗೆ 22 ಮೀಟರ್, 220 ಕೆ.ವಿ.ಗೆ 35 ಮೀಟರ್. ಆ ಪಟ್ಟೆಯಲ್ಲಿ ಮನೆ ಕಟ್ಟುವಂತಿಲ್ಲ, ತೆಂಗು, ಅಡಿಕೆ, ಮಾವು ಎತ್ತರಕ್ಕೆ ಬೆಳೆಸುವಂತಿಲ್ಲ. ನಿಮ್ಮ ಹೊಲವನ್ನು ಲೈನು 100 ಮೀಟರ್ ಉದ್ದಕ್ಕೆ ದಾಟುತ್ತದೆ ಎನ್ನಿ. 66 ಕೆ.ವಿ. ಇದ್ದಾಗ ಕಟ್ಟಿಬೀಳುವ ನೆಲ ಸುಮಾರು 18 ಗುಂಟೆ. ಅದನ್ನೇ 220 ಕೆ.ವಿ. ಮಾಡಿದರೆ ಸುಮಾರು 35 ಗುಂಟೆ. 17 ಗುಂಟೆ ಹೆಚ್ಚಿಗೆ ಹೋಯಿತು, ಪಹಣಿಯಲ್ಲಿ ಮಾತ್ರ ಒಂದಕ್ಷರ ಬದಲಾಗಲಿಲ್ಲ. ಎರಡೆಕರೆ ಇರುವವನಿಗೆ ಇದು ಸಣ್ಣ ಲೆಕ್ಕವೇ?

ಪರಿಹಾರದ ಕಡೆ ನೋಡೋಣ. 2015ರ ಅಕ್ಟೋಬರಿನಲ್ಲಿ ಕೇಂದ್ರ ವಿದ್ಯುತ್ ಮಂತ್ರಾಲಯ ಮಾರ್ಗಸೂಚಿ ಹೊರಡಿಸಿತು. 66 ಕೆ.ವಿ. ಮತ್ತು ಅದಕ್ಕೆ ಮೇಲ್ಪಟ್ಟ ಲೈನುಗಳಿಗೆ ಗೋಪುರದ ಬುಡದ ನೆಲಕ್ಕೆ ಭೂಬೆಲೆಯ ಶೇ. 85, ಪಟ್ಟೆಯ ನೆಲಕ್ಕೆ ಹೆಚ್ಚೆಂದರೆ ಶೇ. 15. ರೈತರ ಗಲಾಟೆ ನಿಲ್ಲಲಿಲ್ಲ. 2024ರ ಜೂನಿನಲ್ಲಿ ಅದನ್ನು ಬದಲಿಸಿ ಗೋಪುರದ ಬುಡಕ್ಕೆ ಶೇ. 200, ಪಟ್ಟೆಗೆ ಶೇ. 30 ಮಾಡಿದರು. ಎಕರೆಗೆ 20 ಲಕ್ಷ ಎಂದು ಹಿಡಿದರೆ ಗುಂಟೆಗೆ 50 ಸಾವಿರ. ಮೇಲಿನ ಉದಾಹರಣೆಯ 35 ಗುಂಟೆಯ ಬೆಲೆ ಹದಿನೇಳೂವರೆ ಲಕ್ಷ. ಹಳೇ ದರದಲ್ಲಿ ಪಟ್ಟೆಗೆ 2,62,500 ರೂಪಾಯಿ, ಹೊಸ ದರದಲ್ಲಿ 5,25,000. ಇದು ಜನ ಬೀದಿಗಿಳಿದದ್ದಕ್ಕೆ ಬಂದ ಏರಿಕೆ, ದಾನವಾಗಿ ಬಂದದ್ದಲ್ಲ.

ಆದರೆ 2025ರ ಮಾರ್ಚಿಯಲ್ಲಿ ಬಂದ ಪೂರಕ ಮಾರ್ಗಸೂಚಿ ಓದಿ. ಪಟ್ಟೆಯ ಪರಿಹಾರ ಹಳ್ಳಿಯಲ್ಲಿ ಶೇ. 30, ಪುರಸಭೆ ಪಟ್ಟಣಗಳಲ್ಲಿ ಶೇ. 45, ಮಹಾನಗರದಲ್ಲಿ ಶೇ. 60. ನಗರದ ನೆಲದ ಬೆಲೆ ಮೊದಲೇ ಹೆಚ್ಚು. ಶೇಕಡಾ ಲೆಕ್ಕ ಒಂದೇ ಇದ್ದರೂ ಅವರಿಗೆ ಹೆಚ್ಚು ಹಣ ಬರುತ್ತಿತ್ತು. ಸಾಲದೆಂದು ಶೇಕಡಾವಾರನ್ನೂ ಇಮ್ಮಡಿ ಮಾಡಿದರು. ಕೆಂಗೇರಿಯ ಈಚೆ ಇರುವವನಿಗೂ ಆಚೆ ಇರುವವನಿಗೂ ತಂತಿ ಒಂದೇ, ಅಪಾಯ ಒಂದೇ. ನಗರದ ಗಡಿಗೆರೆ ಎಲ್ಲಿ ಎಳೆದಿದ್ದಾರೆ ಎಂಬುದರ ಮೇಲೆ ನಮ್ಮ ನೆಲದ ನೋವಿಗೆ ಬೆಲೆ. ಅಲ್ಲದೆ ಇವೆಲ್ಲ ಮಾರ್ಗಸೂಚಿ, ಕಾನೂನಲ್ಲ. ರಾಜ್ಯದೊಳಗಿನ ಲೈನುಗಳಿಗೆ ರಾಜ್ಯ ಸರ್ಕಾರವೇ ಆದೇಶ ಮಾಡಬೇಕು.

ಇನ್ನು ಸಾಲದ ಮಾತು. ರೈತನಿಗೆ ಸಾಲ ಹುಟ್ಟುವುದು ನೆಲದ ಮೇಲೆ. ತೋಟದ ಮೇಲೆ ಸಾಲ ಎತ್ತಿ ಹನಿ ನೀರಾವರಿ ಮಾಡಿ, ಬೋರು ಕೊರೆಸಿ, ತೆಂಗು ಎಬ್ಬಿಸಿದವನ ಮರ ಕಡಿದರೆ ಒಂದೇ ಸಲದ ಪರಿಹಾರ ಬರುತ್ತದೆ. ಸಾಲದ ಕಂತು ವರ್ಷಾವರ್ಷ ಬರುತ್ತದೆ. ತೆಂಗು ಐವತ್ತು, ಅರವತ್ತು ವರ್ಷ ಫಲ ಕೊಡುವ ಮರ. ಬೆಳೆದವನ ಮಗ, ಮೊಮ್ಮಗ ಉಣ್ಣಬೇಕಾದ್ದನ್ನು ಒಂದು ಚೆಕ್ಕಿನಲ್ಲಿ ಮುಗಿಸುತ್ತಾರೆ. ಲೈನು ಹಾಯ್ದ ಜಮೀನಿಗೆ ಕೊಳ್ಳುವವನು ಬೆಲೆ ಇಳಿಸುತ್ತಾನೆ, ಬ್ಯಾಂಕಿನವನು ಮೂಗು ಮುರಿಯುತ್ತಾನೆ. ನೆಲದ ಬೆಲೆ ಇಳಿಯಿತು, ಸಾಲ ಇಳಿಯಲಿಲ್ಲ.

ಹೊಲದ ಮೂಲೆಯಲ್ಲಿ ಮೊಬೈಲ್ ಗೋಪುರ ನಿಲ್ಲಿಸಿದವನಿಗೆ ಕಂಪೆನಿ ತಿಂಗಳ ಬಾಡಿಗೆ ಕೊಡುತ್ತದೆ. ಪಾವಗಡದ ಸೋಲಾರ್ ಪಾರ್ಕಿಗೆ ಸುಮಾರು 13 ಸಾವಿರ ಎಕರೆಯನ್ನು ಕೊಳ್ಳದೆ ಗುತ್ತಿಗೆಗೆ ಪಡೆದರು. ಎಕರೆಗೆ ವರ್ಷಕ್ಕೆ 21 ಸಾವಿರ ರೂಪಾಯಿಯಿಂದ ಶುರುಮಾಡಿ, ಎರಡು ವರ್ಷಕ್ಕೊಮ್ಮೆ ಏರಿಸುವ ಕರಾರು. ಅಲ್ಲಿಯೂ ಕೊರತೆಗಳಿವೆ. ಆದರೆ ವರ್ಷದ ಬಾಡಿಗೆ ಎಂಬ ತತ್ವ ಸರ್ಕಾರಕ್ಕೇ ಒಪ್ಪಿಗೆಯಾಗಿದೆ. ಕರೆಂಟು ಹುಟ್ಟುವ ನೆಲಕ್ಕೆ ಬಾಡಿಗೆ ಉಂಟು, ಕರೆಂಟು ಹಾಯುವ ನೆಲಕ್ಕೆ ಏಕಿಲ್ಲ?

10 ಎಚ್.ಪಿ.ವರೆಗಿನ ಪಂಪ್‌ಸೆಟ್ಟಿಗೆ ಬಿಟ್ಟಿ ಕರೆಂಟು ಅಂತ ರೈತನನ್ನು ಹಂಗಿಸುವವರು ಪೇಟೆಯಲ್ಲಿ ಬಹಳ ಮಂದಿ. ಅವರ ಮನೆಗೆ ಕರೆಂಟು ತರುವ ಗೋಪುರ ಅರವತ್ತು ವರ್ಷ ಯಾರ ಹೊಲದಲ್ಲಿ ಬಿಟ್ಟಿ ನಿಂತಿತ್ತು ಎಂದು ಅವರು ಕೇಳಿಕೊಂಡಿದ್ದಾರೆಯೇ? 2023ರ ಸೆಪ್ಟೆಂಬರಿನಲ್ಲಿ ಸರ್ಕಾರ ಮಾಡಿದ ಆದೇಶದಂತೆ, ಆನಂತರ ಹೊಸ ಪಂಪ್‌ಸೆಟ್ಟಿಗೆ ಅರ್ಜಿ ಹಾಕಿದ ರೈತ ಕಂಬ, ತಂತಿ, ಟಿ.ಸಿ. ಖರ್ಚನ್ನು ತಾನೇ ಹೊರಬೇಕು. ನಗರದ ತಂತಿಯನ್ನು ಹೂಳಲು ಡಾಲರ್ ಸಾಲ, ಹಳ್ಳಿಗೆ ತಂತಿ ಎಳೆಯಲು ರೈತನ ಜೇಬು.

ಪೇಟೆಯ ಎಣ್ಣೆ, ನಮ್ಮ ಕಾಲುವೆ

ರಾಜಾಜಿನಗರ ಇಂದು ಪೇಟೆ. 1949ರಲ್ಲಿ ಅದಕ್ಕೆ ಕಲ್ಲು ಹಾಕುವ ಮುನ್ನ ಅಲ್ಲಿ ಕೇತಮಾರನಹಳ್ಳಿ, ಸಾಣೇಗುರುವನಹಳ್ಳಿ, ಶಿವನಹಳ್ಳಿ ಇದ್ದವು. ವಿಜಯನಗರದ ಒಳಗೆ ಹೊಸಹಳ್ಳಿ, ಅತ್ತಿಗುಪ್ಪೆ, ಮಾರೇನಹಳ್ಳಿ ಇವೆ. ಇವೆಲ್ಲ ಉತ್ತು ಬಿತ್ತಿದ ನೆಲ. ಹೆಸರು ಉಳಿಯಿತು, ಹೊಲ ಹೋಯಿತು. ಈಗ ಸರದಿ ಕೆಂಗೇರಿ ದಾಟಿ ಬಿಡದಿ ಕಡೆಗೆ ಬಂದಿದೆ. ಬೈರಮಂಗಲ, ಕಂಚುಗಾರನಹಳ್ಳಿ ಭಾಗದ ರೈತರು ಉಪನಗರ ಯೋಜನೆಗೆ ಜಮೀನು ಬಿಡುವುದಿಲ್ಲ ಎಂದು ಹೋರಾಟಕ್ಕೆ ಇಳಿದಿದ್ದಾರೆ.

ಬೆಂಗಳೂರಿಗೆ ದೂರದ ಕರೆಂಟು ಬಂದು ಇಳಿಯುವ 400 ಕೆ.ವಿ. ಸ್ಟೇಷನ್‌ಗಳು ನೆಲಮಂಗಲ, ಬಿಡದಿ, ಸೋಮನಹಳ್ಳಿ ಕಡೆ, ಅಂದರೆ ಹಳ್ಳಿಗಳ ನಡುವೆ ಕೂತಿವೆ. ನಗರ ಬೆಳೆದಷ್ಟೂ ಇಲ್ಲಿಂದ ಒಳಗೆ ಹೋಗುವ ಲೈನು ದಪ್ಪವಾಗುತ್ತದೆ. ನಗರದೊಳಗೆ ಕೇಬಲ್ ನೆಲದಡಿ, ಹೊರಗೆ ಗೋಪುರ ಹೊಲದಲ್ಲಿ.

ಕರೆಂಟು ಪೇಟೆಗೆ ಹೋದ ದಾರಿಯಲ್ಲೇ ಪೇಟೆಯ ಕೊಳಕು ನಮ್ಮ ಕಡೆ ಬರುತ್ತದೆ. ಮಲ್ಲೇಶ್ವರ, ರಾಜಾಜಿನಗರ, ವಿಜಯನಗರದ ಚರಂಡಿ ಕೂಡಿಕೊಂಡು ನಾಯಂಡಹಳ್ಳಿ, ಕೆಂಗೇರಿ ದಾಟಿ ಹರಿಯುವ ವೃಷಭಾವತಿ ಸೇರುವುದು ಬೈರಮಂಗಲ ಕೆರೆಗೆ. ಅಲ್ಲಿಂದ ಅರ್ಕಾವತಿಗೆ, ಕೊನೆಗೆ ಕಾವೇರಿಗೆ. ಆ ಕಪ್ಪು ನೀರಿನಲ್ಲೇ ಬಿಡದಿ ಸುತ್ತಿನ ರೈತ ಹುಲ್ಲು, ತರಕಾರಿ, ಹಿಪ್ಪುನೇರಳೆ ಬೆಳೆಯುತ್ತಾನೆ. ಹಳೇ ಸ್ಟೇಷನ್ ಒಡೆದು ಕಟ್ಟುವಾಗ, ಟಿ.ಸಿ. ಬದಲಿಸುವಾಗ ಚೆಲ್ಲುವ ಎಣ್ಣೆಯನ್ನು ತೊಟ್ಟಿ ಕಟ್ಟಿ ಹಿಡಿಯದಿದ್ದರೆ ಅದು ಮಳೆ ನೀರಿನ ಜೊತೆ ಹೋಗುವುದು ಈ ದಾರಿಯಲ್ಲೇ. ಬಳಸಿದ ಎಣ್ಣೆ 2016ರ ನಿಯಮಗಳ ಪ್ರಕಾರ ಅಪಾಯಕಾರಿ ತ್ಯಾಜ್ಯ. ಬಹಳ ಹಳೇ ಟ್ರಾನ್ಸ್‌ಫಾರ್ಮರುಗಳಲ್ಲಿ ಪಿ.ಸಿ.ಬಿ. ಎಂಬ ವಿಷ ಇರುವ ಸಂಭವವಿದೆ. ಅದು ಮಣ್ಣಿನಲ್ಲಿ ಬೇಗ ಕರಗುವುದಿಲ್ಲ, ಹುಲ್ಲಿನಿಂದ ಹಸುವಿಗೆ, ಹಸುವಿನಿಂದ ಹಾಲಿಗೆ ದಾಟುತ್ತದೆ. ಸಣ್ಣ ಜಾಗದಲ್ಲಿ ಕಟ್ಟುವ ಹೊಸ ಮಾದರಿ ಸ್ಟೇಷನ್‌ಗಳಲ್ಲಿ ತುಂಬುವ ಎಸ್.ಎಫ್.6 ಅನಿಲ ಸೋರಿದರೆ ಇಂಗಾಲದ ಅನಿಲಕ್ಕಿಂತ ಇಪ್ಪತ್ತು ಸಾವಿರ ಪಟ್ಟಿಗೂ ಮಿಕ್ಕಿ ಭೂಮಿಯ ಶಾಖ ಏರಿಸುತ್ತದೆ. ಪರಿಸರ ಪರಿಶೀಲನೆ ರಾಜಾಜಿನಗರದ ಬೀದಿಗೆ ನಿಂತರೆ ಸಾಲದು, ಬೈರಮಂಗಲದ ತೂಬಿನವರೆಗೆ ಬರಬೇಕು ಎನ್ನುವುದು ಇದಕ್ಕೇ.

"ಅಡ್ಡಗಾಲು" ಎನ್ನುವವರಿಗೆ

ಪರಿಶೀಲನೆ, ಅಹವಾಲು ಅಂತ ಹೊರಟರೆ ಕೆಲಸ ತಡವಾಗುತ್ತದೆ, ಖರ್ಚು ಏರುತ್ತದೆ, ಕರೆಂಟಿಲ್ಲದೆ ನೀವೇ ಕೂಗುತ್ತೀರಿ ಎಂದು ಎಂಜಿನಿಯರುಗಳು ಹೇಳುತ್ತಾರೆ. ಮಾತಿನಲ್ಲಿ ಸ್ವಲ್ಪ ಸತ್ಯ ಇದೆ. ಆದರೆ ಕೇಳದೆ ಹೊರಟ ಲೈನುಗಳು ಬೇಗ ಮುಗಿದವೇ? ಉಡುಪಿ–ಕಾಸರಗೋಡು 400 ಕೆ.ವಿ. ಲೈನಿಗೆ ಇನ್ನಾ, ವಿಟ್ಲ ಕಡೆಯ ಕೃಷಿಕರು ಅಡಿಕೆ ತೋಟ ಉಳಿಸಿಕೊಳ್ಳಲು ವರ್ಷಗಟ್ಟಲೆ ಹೋರಾಡಿದರು. ಮೈಸೂರು–ಕೋಯಿಕ್ಕೋಡ್ ಲೈನು ಕೊಡಗಿನಲ್ಲಿ ಐವತ್ತು ಸಾವಿರಕ್ಕೂ ಮಿಕ್ಕಿ ಮರ ಬಲಿ ತೆಗೆದುಕೊಳ್ಳುತ್ತದೆ ಎಂದು ಅಲ್ಲಿಯ ಜನ ಹೈಕೋರ್ಟಿನವರೆಗೆ ಹೋದರು. ಮೊದಲೇ ನಕ್ಷೆ ಹರಡಿ, ಎರಡು ಮೂರು ದಾರಿ ತೋರಿಸಿ, ಯಾವುದರಲ್ಲಿ ಹಾನಿ ಕಡಿಮೆ ಎಂದು ಕೂತು ಮಾತಾಡಿದ್ದರೆ ಪೊಲೀಸು, ಕೋರ್ಟು ಎರಡರ ಖರ್ಚೂ ಉಳಿಯುತ್ತಿತ್ತು.

ರಾಜಸ್ಥಾನ, ಗುಜರಾತುಗಳಲ್ಲಿ ಲೈನಿಗೆ ಬಡಿದು ಸಾಯುವ ಎರೆಭೂತ ಹಕ್ಕಿಗಾಗಿ 2021ರಲ್ಲಿ ಸುಪ್ರೀಂ ಕೋರ್ಟು ತಂತಿಗಳನ್ನು ನೆಲದಡಿ ಹಾಕಲು ಆದೇಶಿಸಿತು. 2024ರಲ್ಲಿ ಆ ಆದೇಶವನ್ನು ಸಡಿಲಿಸಿತು. ಹಕ್ಕಿ ಉಳಿಯಲಿ, ನಮಗೂ ಅದು ಬೇಕು. ಆದರೆ ಲೈನು ಪರಿಸರಕ್ಕೆ ಹಾನಿ ಮಾಡುತ್ತದೆ ಎಂಬುದನ್ನು ದೇಶದ ಸರ್ವೋಚ್ಚ ನ್ಯಾಯಾಲಯವೇ ಗಮನಿಸಿದ ಮೇಲೆ, ಲೈನಿಗೆ ಪರಿಶೀಲನೆ ಬೇಡ ಎಂಬ ಪಟ್ಟಿ ಇನ್ನೂ ಏಕೆ ಹಾಗೆಯೇ ಇದೆ?

ಹಳೇ ಲೈನನ್ನು ಹಾಗೆಯೇ ಬಿಟ್ಟರೆ ಏನಾಗುತ್ತದೆಂಬುದೂ ಗೊತ್ತಿರಲಿ. 2018ರ ನವೆಂಬರಿನಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಸುಮಾರು ನೂರು ವರ್ಷದ ಲೈನಿನ ಸವೆದ ಕೊಕ್ಕೆಯೊಂದು ಮುರಿದು ಬೆಂಕಿ ಹೊತ್ತಿತು. ಪ್ಯಾರಡೈಸ್ ಎಂಬ ಊರೇ ಬೂದಿಯಾಗಿ 85 ಜನ ಸತ್ತರು. ಕಂಪೆನಿ 2020ರಲ್ಲಿ ಕೋರ್ಟಿನ ಮುಂದೆ ತಪ್ಪೊಪ್ಪಿಕೊಂಡಿತು. ಅದೇ ರಾಜ್ಯದಲ್ಲಿ ದೊಡ್ಡ ಲೈನು ಕಟ್ಟುವ ಮುನ್ನ ಪರಿಸರ ವರದಿ ಮಾಡಿ ಜನರ ಆಕ್ಷೇಪ ಕೇಳಬೇಕೆಂಬ ಕಾನೂನು 1970ರಿಂದ ಇದೆ. ಹಳೆಯದನ್ನು ಬದಲಿಸುವುದು, ಜನರನ್ನು ಕೇಳುವುದು, ಎರಡೂ ಬೇಕು. ಒಂದರ ಹೆಸರಿನಲ್ಲಿ ಇನ್ನೊಂದನ್ನು ನುಂಗಬಾರದು.

ಖರ್ಚಿನ ಮಾತಿಗೂ ಉತ್ತರ ಇದೆ. ಕೆ.ಪಿ.ಟಿ.ಸಿ.ಎಲ್., ಬೆಸ್ಕಾಂ ಹಾಕುವ ಬಂಡವಾಳವೆಲ್ಲ ವಿದ್ಯುತ್ ನಿಯಂತ್ರಣ ಆಯೋಗದ ಮುಂದೆ ಹೋಗಿ ಕೊನೆಗೆ ದರದಲ್ಲಿ ಸೇರುತ್ತದೆ. ಉಕ್ಕಿನ ಬೆಲೆ, ತಂತಿಯ ಬೆಲೆ, ಕಂಟ್ರಾಕ್ಟರನ ಬಿಲ್ಲು ದರದಲ್ಲಿ ಸೇರಬಹುದಾದರೆ ರೈತನ ನೆಲದ ಬೆಲೆ ಸೇರಬಾರದೇ? ಹೆಚ್ಚು ಕರೆಂಟು ಬಳಸುವವನು ಹೆಚ್ಚು ಕೊಡಲಿ.

ನಮ್ಮ ಹಕ್ಕೊತ್ತಾಯ

1. 66 ಕೆ.ವಿ. ಮತ್ತು ಮೇಲ್ಪಟ್ಟ ಲೈನುಗಳನ್ನು, ಸ್ಟೇಷನ್‌ಗಳನ್ನು ಹೊಸದಾಗಿ ಕಟ್ಟಲಿ, ಹಳೆಯದನ್ನು ಬದಲಿಸಲಿ, ಪರಿಸರ ಪರಿಶೀಲನೆ ಕಡ್ಡಾಯವಾಗಬೇಕು. 2006ರ ಅಧಿಸೂಚನೆಯ ಪಟ್ಟಿಗೆ ಇವನ್ನು ಸೇರಿಸಬೇಕು.

2. ವರದಿ ಕನ್ನಡದಲ್ಲಿ ಇರಬೇಕು. ಸರ್ವೆ ನಂಬರು ಸಹಿತ ನಕ್ಷೆಯನ್ನು ಗ್ರಾಮ ಪಂಚಾಯಿತಿಯಲ್ಲಿ ಅಂಟಿಸಿ, ಗ್ರಾಮಸಭೆಯಲ್ಲಿ ಚರ್ಚಿಸಿದ ಮೇಲೆ ಕೆಲಸ ಶುರುವಾಗಬೇಕು.

3. ಗೋಪುರ ದೊಡ್ಡದಾದರೆ, ವೋಲ್ಟೇಜು ಏರಿದರೆ, ಪಟ್ಟೆ ಅಗಲವಾದರೆ ಹೊಸ ಪರಿಹಾರ ಕೊಡಬೇಕು. ಹಿಂದೆ ಪರಿಹಾರ ಕೊಡದ ಕಡೆ ಹಳೇ ಬಾಕಿಯನ್ನೂ ಸೇರಿಸಿ ಕೊಡಬೇಕು.

4. ಪಟ್ಟೆಯ ಪರಿಹಾರದಲ್ಲಿ ಹಳ್ಳಿ ಪೇಟೆ ಭೇದ ಹೋಗಬೇಕು. ನಗರಕ್ಕೆ ಶೇ. 60 ಆದರೆ ಹಳ್ಳಿಗೂ ಶೇ. 60.

5. ಗೋಪುರ ನಿಂತಷ್ಟು ಕಾಲ ವರ್ಷದ ಬಾಡಿಗೆ ಕೊಡಬೇಕು.

6. ಕಿತ್ತ ಲೈನಿನ ಕಾಂಕ್ರೀಟು ಬುಡ, ತುಂಡು ತಂತಿ, ಎಣ್ಣೆ ಎಲ್ಲವನ್ನೂ ಹೊಲದಿಂದ, ಹಳ್ಳದಿಂದ ತೆಗೆಸಿ ನೆಲವನ್ನು ಉಳುವ ಸ್ಥಿತಿಗೆ ತಂದುಕೊಟ್ಟ ಮೇಲೆಯೇ ಕಂಟ್ರಾಕ್ಟರನ ಕೊನೆಯ ಬಿಲ್ಲು ಪಾಸಾಗಬೇಕು.

ಸರ್ಕಾರ ಕೊಡುವವರೆಗೆ ಕಾಯುತ್ತಾ ಕೂರಬೇಡಿ. ಸರ್ವೆಯವರು ಬಂದ ದಿನವೇ ಯಾವ ಕಾಯಿದೆ, ಯಾವ ಆದೇಶ ಎಂದು ಬರಹದಲ್ಲಿ ಕೇಳಿ. ಖಾಲಿ ಮಹಜರಿಗೆ ಹೆಬ್ಬೆಟ್ಟು ಒತ್ತಬೇಡಿ. ಮರ, ಬೆಳೆ, ಬೋರು, ಪೈಪು ಎಲ್ಲದರ ಪಟ್ಟಿ ಮಾಡಿ ಫೋಟೋ ತೆಗೆದಿಡಿ. 2005ರ ಮಾಹಿತಿ ಹಕ್ಕಿನಡಿ ಲೈನಿನ ನಕ್ಷೆಯನ್ನೂ, ಹಿಂದೆ ಯಾರಿಗೆ ಎಷ್ಟು ಪರಿಹಾರ ಕೊಟ್ಟರೆಂಬ ಲೆಕ್ಕವನ್ನೂ ಕೇಳಿ. ಪರಿಹಾರ ಕಡಿಮೆಯಾದರೆ ಒಬ್ಬೊಬ್ಬರೇ ಕಚೇರಿ ಬಾಗಿಲು ಕಾಯದೆ, ಲೈನಿನ ಉದ್ದಕ್ಕೂ ಇರುವ ಊರುಗಳವರು ಸೇರಿ ಜಿಲ್ಲಾ ನ್ಯಾಯಾಲಯಕ್ಕೆ ಹೋಗಿ. ನಿಯಂತ್ರಣ ಆಯೋಗದ ದರ ವಿಚಾರಣೆಗೆ ಕೈಗಾರಿಕೋದ್ಯಮಿಗಳು ತಪ್ಪದೆ ಹೋಗುತ್ತಾರೆ. ನಾವೂ ಹೋಗಿ ಮಾತಾಡೋಣ. ವಿಜಯನಗರದ ಮನೆಯವರಿಗೂ ಕರೆದು ಹೇಳೋಣ. ಅವರ ತಲೆ ಮೇಲಿನ ತಂತಿ ಇಳಿದದ್ದು ನಮಗೂ ಸಂತೋಷವೇ, ಆದರೆ ಅದರ ಇನ್ನೊಂದು ತುದಿ ನಮ್ಮ ಹೊಲದಲ್ಲಿದೆ.

1980ರ ದಶಕದಲ್ಲಿ ನಮ್ಮ ಹಳ್ಳಿಗಳ ಬಾಗಿಲಿಗೆ ಬೋರ್ಡು ಬಿದ್ದಿತ್ತು. ಊರಿನ ಅಪ್ಪಣೆಯಿಲ್ಲದೆ ಸಾಲ ವಸೂಲಿಯವರು ಒಳಗೆ ಬರಕೂಡದೆಂದು ರೈತ ಸಂಘ ಹಾಕಿಸಿದ ಬೋರ್ಡು ಅದು. ಜಪ್ತಿಗೆ ಬಂದವರು ಅದನ್ನು ಓದಿ ಹಿಂದಿರುಗಿದ್ದನ್ನು ಕಂಡ ಹಿರಿಯರು ಇನ್ನೂ ನಮ್ಮ ನಡುವೆ ಇದ್ದಾರೆ. ಆ ಬೋರ್ಡಿಗೆ ಈಗ ಇನ್ನೊಂದು ಸಾಲು ಸೇರಿಸುವ ಕಾಲ ಬಂದಿದೆ: ಗ್ರಾಮಸಭೆಗೆ ತಿಳಿಸದೆ ಲೈನಿನ ಕಲ್ಲು ನೆಡಕೂಡದು. ಮುಂದಿನ ಗ್ರಾಮಸಭೆಯಲ್ಲೇ ಈ ಠರಾವು ಮಾಡಿ, ಅದರ ಪ್ರತಿಯನ್ನು ಜಿಲ್ಲಾಧಿಕಾರಿಗೂ ಕೆ.ಪಿ.ಟಿ.ಸಿ.ಎಲ್.ಗೂ ಅಂಚೆಯಲ್ಲಿ ಕಳಿಸಿ, ರಸೀತಿ ಜೋಪಾನವಾಗಿ ಇಟ್ಟುಕೊಳ್ಳಿ.